ಮೀಟಿಂಗಿನಲ್ಲಿ ಮೊದಲು ಬಾಯಿ ಬಿಡುವವರು ಯಾರು?

ಈ ಸಲ ಬಂದ ಪತ್ರಗಳನ್ನು ಗುಡ್ಡೆ ಹಾಕಿಕೊಂಡು ಕೂತಾಗ ಬಹುಪಾಲು ಒಂದೇ ಕಡೆ ವಾಲಿದ್ದವು. ಕಂಪನಿಯ ಮೇಲ್ಮಟ್ಟದಲ್ಲಿ ಕೂತವರು ಒಟ್ಟಾಗಿ ಮುಂದಿನದನ್ನು ಯೋಚಿಸುವುದನ್ನು ಕಲಿಯುವುದು ಹೇಗೆ ಎಂಬ ಪ್ರಶ್ನೆ. ಬಹಳ ಕಾಲ ಕಂಪನಿಗಳ ಒಳಗಿದ್ದು, ಈಗ ಇಂಥ ತಂಡಗಳ ಮೀಟಿಂಗಿನಲ್ಲಿ ಮೂಲೆಯ ಕುರ್ಚಿ ಹಿಡಿದು ನೋಡುವುದನ್ನೇ ಕಸುಬು ಮಾಡಿಕೊಂಡವಳು ನಾನು. ಹಾಗಾಗಿ ಈ ಸಂಚಿಕೆ ಪೂರ್ತಿ ಇದಕ್ಕೇ ಇರಲಿ ಎನಿಸಿತು. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ. ಹಾಕಿಲ್ಲ.

ಪ್ರಶ್ನೆ: ಯಂತ್ರೋಪಕರಣ ತಯಾರಿಸುವ ಕಂಪನಿಯೊಂದರ ಎಂ.ಡಿ. ನಾನು. ಏಳು ವಿಭಾಗಗಳ ಮುಖ್ಯಸ್ಥರಿದ್ದಾರೆ, ತಂತಮ್ಮ ಕೆಲಸದಲ್ಲಿ ಒಬ್ಬರಿಗಿಂತ ಒಬ್ಬರು ಗಟ್ಟಿಗರು. ಆದರೆ ಮೂರು ವರ್ಷದ ಆಚೆಗಿನ ಮಾತೆತ್ತಿದರೆ ಸಾಕು, ಸುತ್ತಿ ಬಳಸಿ ಈ ತ್ರೈಮಾಸಿಕದ ಟಾರ್ಗೆಟ್‌ಗೇ ಬಂದು ನಿಲ್ಲುತ್ತಾರೆ. ಹೋದ ವರ್ಷ ಎಲ್ಲರನ್ನೂ ಎರಡು ದಿನದ ತರಬೇತಿಗೆ ಕಳಿಸಿದೆ. ವಾಪಸು ಬಂದ ವಾರ ಹೊಸ ಹೊಸ ಪದಗಳು ಕಿವಿಗೆ ಬಿದ್ದವು, ಆಮೇಲೆ ಅವೂ ನಿಂತವು. ಇವರಿಗೆ ದೂರ ನೋಡುವುದನ್ನು ಕಲಿಸುವುದು ಹೇಗೆ ಮೇಡಂ?

ಉತ್ತರ: ಸ್ವಾಮಿ, ಆ ಎರಡು ದಿನದ ಮಾತು ಬಿಡಿ. ವರ್ಷದ ಉಳಿದ ದಿನಗಳಲ್ಲಿ ನೀವು ಅವರನ್ನು ಏನು ಕೇಳುತ್ತೀರಿ? ಯಾವ ಕಂಪನಿಗೆ ಹೋದರೂ ನಾನು ಮೊದಲು ಕೇಳುವುದು ಹಿಂದಿನ ಆರು ತಿಂಗಳ ಮೀಟಿಂಗಿನ ಅಜೆಂಡಾ ಪತ್ರಗಳನ್ನು. ಸೇಲ್ಸ್ ರಿವ್ಯೂ, ಉತ್ಪಾದನೆಯ ಕೊರತೆ, ಬಾಕಿ ವಸೂಲಿ, ದೂರು ಕೊಟ್ಟ ಇಬ್ಬರು ಗ್ರಾಹಕರು, ಒಂದು ನೇಮಕಾತಿ. ಕಟ್ಟಕಡೆಯಲ್ಲಿ ‘ಭವಿಷ್ಯದ ಯೋಜನೆ’. ಮಿನಿಟ್ಸ್ ತಿರುವಿ ನೋಡಿದರೆ ಆ ಕೊನೆಯ ವಿಷಯದ ಎದುರು ‘ಸಮಯಾಭಾವದಿಂದ ಮುಂದಿನ ಸಭೆಗೆ’ ಎಂದಿರುತ್ತದೆ. ಮುಂದಿನ ಸಭೆಯ ಮಿನಿಟ್ಸ್‌ನಲ್ಲೂ ಅದೇ ಸಾಲು. ನಿಮ್ಮ ಏಳು ಜನ ಹತ್ತಿರದ್ದನ್ನೇ ನೋಡುತ್ತಾರೆ ಎಂದರೆ ಅದು ಅವರ ಕಣ್ಣಿನ ದೋಷವಲ್ಲ. ನೀವು ಕೇಳಿದ್ದಕ್ಕೆ ಅವರು ಉತ್ತರ ತರುತ್ತಿದ್ದಾರೆ. ಅದರ ಮೇಲೆ, ಅವರ ಬೋನಸ್ ಪೂರ್ತಿ ತಂತಮ್ಮ ವಿಭಾಗದ ಸಂಖ್ಯೆಗೇ ಕಟ್ಟಿದ್ದರೆ ಇನ್ನು ಹೇಳುವುದೇನಿದೆ!

ಮಾಸಿಕ ರಿವ್ಯೂ ಹಾಗೇ ಇರಲಿ, ಅದನ್ನು ಮುಟ್ಟಬೇಡಿ. ಬೇರೆ ದಿನ, ಬೇರೆ ಸಭೆ ಇಟ್ಟುಕೊಳ್ಳಿ. ಅಲ್ಲಿ ಒಂದೇ ಒಂದು ಪ್ರಶ್ನೆ ಇರಲಿ. ಈ ಪ್ರಶ್ನೆ ಬರೆಯುವುದಿದೆಯಲ್ಲ, ಅದೇ ನಿಮ್ಮ ನಿಜವಾದ ಕೆಲಸ. ‘ಹೊಸ ಮಾರುಕಟ್ಟೆಗಳ ಕುರಿತು ಚರ್ಚೆ’ ಎಂದು ಬರೆದರೆ ಏಳೂ ಜನ ಏಳು ಸ್ಲೈಡ್ ತಂದು ಓದಿ ಎದ್ದು ಹೋಗುತ್ತಾರೆ. ‘ಯಂತ್ರ ಮಾರಿ ಬರುವ ಲಾಭಕ್ಕಿಂತ ಸರ್ವಿಸ್‌ನಿಂದ ಬರುವ ಲಾಭ ಹೆಚ್ಚಾದರೆ, ಇವತ್ತಿನ ನಮ್ಮ ಯಾವ ಯಂತ್ರ ಮಾಡುವುದನ್ನು ನಿಲ್ಲಿಸುತ್ತೇವೆ?’ ಎಂದು ಬರೆಯಿರಿ. ಈಗ ಯಾರಿಗೂ ಸ್ಲೈಡಿನ ಹಿಂದೆ ಅವಿತುಕೊಳ್ಳಲು ಬರುವುದಿಲ್ಲ. ಒಬ್ಬರ ವಿಭಾಗಕ್ಕೆ ನೋವಾಗದ ಉತ್ತರವೇ ಇಲ್ಲದ ಪ್ರಶ್ನೆ ಅದು.

ಇಂಟೆಲ್ ಕಂಪನಿಯಲ್ಲಿ 1985ರಲ್ಲಿ ನಡೆದದ್ದನ್ನು ಈ ಸಂದರ್ಭದಲ್ಲಿ ಹೇಳಲೇಬೇಕು. 1968ರಲ್ಲಿ ಹುಟ್ಟಿದ ಆ ಕಂಪನಿಗೆ ಹೆಸರು ತಂದದ್ದು ಮೆಮೊರಿ ಚಿಪ್. ಜಪಾನಿನ ಕಂಪನಿಗಳು ಗುಣಮಟ್ಟದಲ್ಲೂ ಬೆಲೆಯಲ್ಲೂ ಮುಂದೆ ಹೋದ ಮೇಲೆ ಆ ವ್ಯಾಪಾರ ಸೋರತೊಡಗಿತು. ವರ್ಷಗಟ್ಟಲೆ ಚರ್ಚೆ ನಡೆದರೂ ಕೈಬಿಡುವ ಧೈರ್ಯ ಯಾರಿಗೂ ಬಾರದು. ಆಗ ಕಂಪನಿಯ ಅಧ್ಯಕ್ಷರಾಗಿದ್ದ ಆಂಡಿ ಗ್ರೋವ್ ಅವರು ಸಿಇಒ ಗಾರ್ಡನ್ ಮೂರ್ ಅವರನ್ನು ಒಂದು ಪ್ರಶ್ನೆ ಕೇಳಿದರು. ಆಡಳಿತ ಮಂಡಳಿ ನಮ್ಮಿಬ್ಬರನ್ನೂ ಮನೆಗೆ ಕಳಿಸಿ ಹೊಸಬರನ್ನು ತಂದು ಕೂರಿಸಿದರೆ ಅವರು ಏನು ಮಾಡುತ್ತಾರೆ? ಮೂರ್ ತಡವರಿಸಲಿಲ್ಲ. ಮೆಮೊರಿಯಿಂದ ಹೊರಗೆ ಬರುತ್ತಾರೆ ಎಂದರು. ಹಾಗಾದರೆ ಆ ಕೆಲಸವನ್ನು ನಾವೇ ಯಾಕೆ ಮಾಡಬಾರದು ಎಂಬಲ್ಲಿಗೆ ಮಾತು ಬಂದು ನಿಂತಿತು. ಕಂಪನಿ ಮೈಕ್ರೋಪ್ರೊಸೆಸರ್ ಕಡೆಗೆ ತಿರುಗಿತು.

ಇಲ್ಲಿಯವರೆಗಿನ ಕಥೆಯನ್ನು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಅಷ್ಟಾಗಿ ಹೇಳದ ಇನ್ನೊಂದು ಭಾಗ ನನಗೆ ಹೆಚ್ಚು ಇಷ್ಟ. ಯಾವ ಚಿಪ್‌ನಲ್ಲಿ ಮಾರ್ಜಿನ್ ಹೆಚ್ಚೋ ಅದಕ್ಕೆ ಉತ್ಪಾದನಾ ಸಾಮರ್ಥ್ಯ ಹೆಚ್ಚು ಎಂಬ ನಿಯಮ ಇಂಟೆಲ್ ಒಳಗೆ ಮೊದಲೇ ಇತ್ತು. ಆ ನಿಯಮದ ಪ್ರಕಾರ ಮಧ್ಯಮ ಹಂತದ ಮ್ಯಾನೇಜರುಗಳು ಮೆಮೊರಿಯ ಪಾಲನ್ನು ಅದಾಗಲೇ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬಂದಿದ್ದರು. ಮೇಲೆ ಕೂತವರು ಮೆಮೊರಿಯೇ ನಮ್ಮ ಜೀವಾಳ ಎಂದು ವಾದಿಸುತ್ತಿದ್ದ ಹೊತ್ತಿಗೆ ಕೆಳಗಿನ ಲೆಕ್ಕ ಬೇರೆಯದನ್ನೇ ಹೇಳುತ್ತಿತ್ತು. ನಿಮ್ಮಲ್ಲೂ ಅಂಥದ್ದೇನಾದರೂ ನಡೆದಿರಬಹುದು. ಯಾವ ಆರ್ಡರ್ ಬಂದರೆ ಶಾಪ್ ಫ್ಲೋರಿನಲ್ಲಿ ಕೆಲಸ ಸರಾಗ, ಯಾವುದು ಬಂದರೆ ಫೋರ್‌ಮನ್ ಮುಖ ಸಿಂಡರಿಸುತ್ತಾರೆ? ಹೋಗಿ ನೋಡಿ ಬನ್ನಿ.

ಇನ್ನೊಂದು ಅಭ್ಯಾಸವಿದೆ, ನನಗೆ ಬಹಳ ಉಪಯೋಗಕ್ಕೆ ಬಂದದ್ದು. ಒಬ್ಬರ ಟಿಪ್ಪಣಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಇದು ನಿಮ್ಮದೇ ಎಂದುಕೊಂಡು ಮಂಡಿಸಿ ಎನ್ನುವುದು. ಒಂದು ಕಂಪನಿಯಲ್ಲಿ ಪ್ರೊಡಕ್ಷನ್ ಮುಖ್ಯಸ್ಥರು ಬರೆದದ್ದನ್ನು ಸೇಲ್ಸ್ ಮುಖ್ಯಸ್ಥರು ಎದ್ದು ನಿಂತು ಓದುತ್ತಿದ್ದರು. ಸಣ್ಣ ಆರ್ಡರ್ ಒಂದು ನಡುವೆ ತೂರಿ ಬಂದರೆ ಲೈನ್ ನಿಲ್ಲಿಸಿ ಹೊಸ ಸೆಟಪ್ ಮಾಡಲು ಅರ್ಧ ಶಿಫ್ಟ್ ಹೋಗುತ್ತದೆ ಎಂಬ ಸಾಲಿಗೆ ಬಂದವರು ಅಲ್ಲೇ ನಿಂತರು.

‘ಇದು ನಿಜವೇನ್ರೀ?’

‘ವರ್ಷಗಳಿಂದ ಹೇಳ್ತಾ ಇದ್ದೀನಲ್ಲ ಸರ್.’

‘ನೀವು ನನ್ನ ಮೇಲೆ ಕೂಗಾಡ್ತಾ ಇದ್ರಿ, ಇದನ್ನ ಹೇಳಿರಲಿಲ್ಲ.’

ಆ ದಿನದ ಉಳಿದ ಮಾತೆಲ್ಲ ಯಾವ ಗ್ರಾಹಕರನ್ನು ಬಿಡಬೇಕು ಎಂಬುದರ ಸುತ್ತಲೇ ನಡೆಯಿತು. ಅಲ್ಲಿಯವರೆಗೆ ಆ ತಂಡ ಬಿಡುವ ಮಾತನ್ನೇ ಆಡಿರಲಿಲ್ಲ. ಹಿಡಿಯುವುದಕ್ಕೆ ಎಲ್ಲರಿಗೂ ಉತ್ಸಾಹ, ಬಿಡುವುದಕ್ಕೆ ಮಾತ್ರ ಬೆಕ್ಕಿಗೆ ಗಂಟೆ ಕಟ್ಟುವವರ್ಯಾರು ಎಂಬ ಸ್ಥಿತಿ. 1997ರಲ್ಲಿ ಆಪಲ್‌ಗೆ ಮರಳಿದ ಸ್ಟೀವ್ ಜಾಬ್ಸ್, ರಾಶಿ ಬಿದ್ದಿದ್ದ ಮಾಡೆಲ್‌ಗಳನ್ನು ನಾಲ್ಕು ಚೌಕಕ್ಕೆ ಇಳಿಸಿದರು. ಸಾಮಾನ್ಯ ಬಳಕೆದಾರರಿಗೆ ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್. ವೃತ್ತಿಪರರಿಗೆ ಅದೇ ಥರ ಎರಡು. ನೀವೂ ಒಂದು ನಿಯಮ ಮಾಡಿ: ಹೊಸದೊಂದನ್ನು ಶುರು ಮಾಡೋಣ ಎನ್ನುವವರು ಯಾವುದನ್ನು ನಿಲ್ಲಿಸೋಣ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು ತರಬೇಕು. ತಮ್ಮದೇ ವಿಭಾಗದಿಂದ. ಪಕ್ಕದವರದ್ದನ್ನು ನಿಲ್ಲಿಸಿ ಎಂದು ಬರೆಯಲು ಯಾರಿಗೂ ಕಷ್ಟವಿಲ್ಲ.

ಪ್ರಶ್ನೆ: ನಾನು ಫೈನಾನ್ಸ್ ವಿಭಾಗ ನೋಡಿಕೊಳ್ಳುವವಳು. ನಮ್ಮ ಸಿಇಒ ಒಳ್ಳೆಯವರು, ಚುರುಕು ಬುದ್ಧಿಯವರು. ಆದರೆ ಮೀಟಿಂಗ್ ಶುರುವಾದ ಕೂಡಲೇ ತಮ್ಮ ಅಭಿಪ್ರಾಯ ಹೇಳಿಬಿಡುತ್ತಾರೆ. ಆಮೇಲೆ ‘ಈಗ ನಿಮ್ಮೆಲ್ಲರ ಅನಿಸಿಕೆ ಹೇಳಿ’ ಎನ್ನುತ್ತಾರೆ. ನಾವೆಲ್ಲ ಕೋಲೆ ಬಸವನ ಹಾಗೆ ತಲೆಯಾಡಿಸುತ್ತೇವೆ. ನಿಜವಾದ ಮೀಟಿಂಗ್ ನಡೆಯುವುದು ಆಮೇಲೆ, ಕಾರಿಡಾರಿನಲ್ಲಿ. ಈಗ ಒಂದು ದೊಡ್ಡ ವಿಸ್ತರಣೆಯ ಯೋಜನೆ ಮುಂದಿದೆ. ನನಗೆ ಅನುಮಾನಗಳಿವೆ. ನನ್ನ ಜಾಗದಲ್ಲಿ ಕೂತು ಏನು ಮಾಡಬಹುದು?

ಉತ್ತರ: ಮೊದಲಿಗೆ ಒಂದು ಧೈರ್ಯದ ಮಾತು. ಇದು ಸಿಇಒ ಅವರ ಸ್ವಭಾವಕ್ಕೆ ಅಂಟಿದ ರೋಗವಾಗಿರಬೇಕಿಲ್ಲ. ರೀತಿ ಬದಲಾದರೆ ಅದೇ ಮನುಷ್ಯ, ಅದೇ ತಂಡ ಬೇರೆ ಥರ ಯೋಚಿಸುವುದುಂಟು. ಇದಕ್ಕೆ ನಾನು ಕಂಡ ಅತ್ಯಂತ ಸ್ಪಷ್ಟ ಉದಾಹರಣೆ ಕಂಪನಿಗಳದ್ದಲ್ಲ, ಅಮೆರಿಕದ ಅಧ್ಯಕ್ಷ ಕೆನಡಿಯವರದ್ದು. 1961ರ ಏಪ್ರಿಲ್‌ನಲ್ಲಿ ಸುಮಾರು 1,400 ಮಂದಿ ಕ್ಯೂಬಾ ವಲಸಿಗರನ್ನು ಬೇ ಆಫ್ ಪಿಗ್ಸ್ ಎಂಬಲ್ಲಿ ಇಳಿಸಿ ಕ್ಯಾಸ್ಟ್ರೊ ಸರ್ಕಾರವನ್ನು ಉರುಳಿಸುವ ಯೋಜನೆ ಮೂರೇ ದಿನದಲ್ಲಿ ಮಣ್ಣುಪಾಲಾಯಿತು. ಸಲಹೆಗಾರ ಆರ್ಥರ್ ಶ್ಲೆಸಿಂಜರ್‌ಗೆ ಆ ಯೋಜನೆ ಬಗ್ಗೆ ಅನುಮಾನವಿತ್ತು, ಅಧ್ಯಕ್ಷರಿಗೆ ಟಿಪ್ಪಣಿಯನ್ನೂ ಬರೆದಿದ್ದರು. ಆದರೆ ಎಲ್ಲರೂ ಕೂತ ಕೋಣೆಯಲ್ಲಿ ಹೆಚ್ಚುಕಡಿಮೆ ಬಾಯಿ ಮುಚ್ಚಿಕೊಂಡಿದ್ದರು. ಆಮೇಲೆ ಅದಕ್ಕಾಗಿ ತಮ್ಮನ್ನೇ ಹಳಿದುಕೊಂಡರು.

ಮರುವರ್ಷ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಪತ್ತೆಯಾದವು. ಕೆನಡಿಯವರೇ ಅಧ್ಯಕ್ಷರು, ಸುತ್ತಲಿನವರಲ್ಲಿ ಹಲವರು ಹಳಬರೇ. ಈ ಸಲ ಅಧ್ಯಕ್ಷರು ಕೆಲವು ಸಭೆಗಳಿಂದ ಬೇಕೆಂದೇ ಹೊರಗುಳಿದರು, ತಾವಿದ್ದರೆ ಜನ ತಮ್ಮ ಮುಖ ನೋಡಿ ಮಾತಾಡುತ್ತಾರೆ ಎಂಬ ಕಾರಣಕ್ಕೆ. ತಂಡ ಗುಂಪುಗಳಾಗಿ ಒಡೆದು, ಒಬ್ಬರ ಶಿಫಾರಸನ್ನು ಇನ್ನೊಬ್ಬರು ಕಾಗದದ ಮೇಲೆ ಟೀಕಿಸಿ, ತಿದ್ದಿ, ಮತ್ತೆ ಕೂಡಿದರು. ಮೊದಮೊದಲು ವಾಯುದಾಳಿಯ ಕಡೆಗೆ ವಾಲಿದ್ದ ಅಭಿಪ್ರಾಯ ನೌಕಾ ದಿಗ್ಬಂಧನದ ಕಡೆಗೆ ಬಂದದ್ದು ಹೀಗೆ. 1972ರಲ್ಲಿ ಮನಶ್ಶಾಸ್ತ್ರಜ್ಞ ಇರ್ವಿಂಗ್ ಜಾನಿಸ್ ಈ ಎರಡನ್ನೂ ಅಕ್ಕಪಕ್ಕ ಇಟ್ಟು, ಒಗ್ಗಟ್ಟಾಗಿರುವ ತಂಡ ಒಗ್ಗಟ್ಟಿನಿಂದಲೇ ಹೇಗೆ ಕುರುಡಾಗುತ್ತದೆ ಎಂದು ವಿವರಿಸಿದರು.

ನೀವು ಹೋಗಿ ‘ಸರ್, ನೀವು ಮೊದಲು ಮಾತಾಡಬೇಡಿ’ ಎಂದರೆ ಆಗುವುದು ಜಗಳ. ಅದರ ಬದಲು, ಯೋಜನೆಗೆ ಹಣ ಬಿಡುಗಡೆಯಾಗುವ ಮುಂಚೆ ಇಪ್ಪತ್ತು ನಿಮಿಷ ನನಗೆ ಕೊಡಿ, ರಿಸ್ಕ್ ಪರಿಶೀಲನೆ ಮಾಡಬೇಕು ಎಂದು ಕೇಳಿ. ಫೈನಾನ್ಸ್‌ನವರು ಹೀಗೆ ಕೇಳುವುದು ಯಾರಿಗೂ ವಿಚಿತ್ರ ಎನಿಸುವುದಿಲ್ಲ, ನಿಮ್ಮ ಹುದ್ದೆಯ ಅನುಕೂಲವೇ ಅದು. ಆ ಇಪ್ಪತ್ತು ನಿಮಿಷದಲ್ಲಿ ಮಾಡಬೇಕಾದದ್ದನ್ನು ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಪ್ರೀಮಾರ್ಟಮ್ ಎಂದು ಕರೆದಿದ್ದಾರೆ. ಸತ್ತ ಮೇಲೆ ಮಾಡುವ ಪರೀಕ್ಷೆಯನ್ನು ಸಾಯುವ ಮುಂಚೆಯೇ ಮಾಡುವುದು.

ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಹೀಗೆ ಹೇಳಿ: ‘ಈಗ ಎರಡು ವರ್ಷ ಕಳೆದಿದೆ. ಈ ವಿಸ್ತರಣೆ ಪೂರ್ತಿ ಸೋತಿದೆ. ಯಾಕೆ ಸೋತಿತು, ಬರೆಯಿರಿ.’ ಗಮನಿಸಿ, ‘ಸೋಲಬಹುದೇ’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಯೋಜನೆಯ ಪರ ಇರುವವರು ಸಮರ್ಥನೆಗೆ ಇಳಿಯುತ್ತಾರೆ. ಸೋತಾಗಿದೆ ಎಂದು ಹೇಳಿಬಿಟ್ಟರೆ, ಕಾರಣ ಹುಡುಕುವುದು ಜಾಣತನದ ಆಟವಾಗುತ್ತದೆ, ಎದುರಾಡಿದ ಹಾಗೆ ಕಾಣುವುದಿಲ್ಲ. ಐದು ನಿಮಿಷ ಯಾರೂ ಮಾತಾಡಬಾರದು, ಫೋನ್ ಮುಟ್ಟಬಾರದು. ಆಮೇಲೆ ಒಬ್ಬೊಬ್ಬರೂ ಒಂದೊಂದೇ ಕಾರಣ ಓದಲಿ, ಅನುಭವದಲ್ಲಿ ಕಿರಿಯರಿಂದ ಶುರುವಾಗಲಿ, ಸಿಇಒ ಕೊನೆಗೆ. ನೀವು ಬಿಳಿ ಹಲಗೆಯ ಮೇಲೆ ಬರೆಯುತ್ತ ಹೋಗಿ. ಯಾರು ಏನೇ ಓದಿದರೂ ‘ಆದರೆ’ ಎಂದು ಯಾರೂ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಅದು ಮಾತ್ರ ನಿಮ್ಮ ಹೊಣೆ.

ಒಂದು ಸಲ ಹೀಗೆ ಚೀಟಿ ಓದಿಸುವಾಗ ಮೂರನೆಯವರ ಸರದಿಗೆ ಬರುವಷ್ಟರಲ್ಲಿ ಕೋಣೆಯಲ್ಲಿ ನಗು ಶುರುವಾಯಿತು. ಮೂವರೂ ಬರೆದದ್ದು ಒಂದೇ: ಇದನ್ನು ನಡೆಸಲು ನೇಮಿಸಿದ ವ್ಯಕ್ತಿಗೆ ಈಗಾಗಲೇ ಮೂರು ಪ್ರಾಜೆಕ್ಟ್ ಹೊರೆ ಇದೆ, ಅವರಿಂದ ಆಗದು. ಆ ವ್ಯಕ್ತಿಯೂ ಅಲ್ಲೇ ಕೂತಿದ್ದರು, ಅವರ ಚೀಟಿಯಲ್ಲೂ ಅದೇ ಇತ್ತು! ತಿಂಗಳುಗಟ್ಟಲೆ ಎಲ್ಲರೂ ಬಲ್ಲ, ಯಾರೂ ಆಡದ ಮಾತು. ಯೋಜನೆ ನಿಲ್ಲಲಿಲ್ಲ. ಎರಡು ಪ್ರಾಜೆಕ್ಟ್ ಬೇರೆಯವರ ಹೆಗಲಿಗೆ ಹೋದವು, ಅಷ್ಟೆ.

ಇನ್ನು ಒಂದು ಸಣ್ಣ ಸಲಹೆ. ಅಮೆಜಾನ್‌ನ ಮೇಲ್ಮಟ್ಟದ ತಂಡದಲ್ಲಿ 2004ರಿಂದ ಪವರ್‌ಪಾಯಿಂಟ್ ಇಲ್ಲ. ಪೂರ್ಣ ವಾಕ್ಯಗಳಲ್ಲಿ ಬರೆದ, ಹೆಚ್ಚೆಂದರೆ ಆರು ಪುಟದ ಟಿಪ್ಪಣಿಯನ್ನು ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಓದಿ, ಆಮೇಲೆ ಮಾತಿಗೆ ಇಳಿಯುತ್ತಾರೆ. ನಿಮ್ಮ ಸಿಇಒಗೆ ಈ ಪದ್ಧತಿ ಹಿಡಿಸಬಹುದು, ದೊಡ್ಡ ಕಂಪನಿಯ ಹೆಸರಿದೆಯಲ್ಲ! ಓದುವಷ್ಟು ಹೊತ್ತಾದರೂ ಅವರು ಮಾತಾಡುವಂತಿಲ್ಲ.

ಪ್ರಶ್ನೆ: ಇದಕ್ಕೆ ಯಾವ ಕೋರ್ಸ್ ಒಳ್ಳೆಯದು? ಹೊಸದಾಗಿ ಮ್ಯಾನೇಜ್‌ಮೆಂಟ್ ತಂಡಕ್ಕೆ ಸೇರಿದ್ದೇನೆ.

ಉತ್ತರ: ಕೋರ್ಸ್ ಆಮೇಲೆ ನೋಡೋಣ. ನಿಮ್ಮದೇ ಕಂಪನಿ ಮೂರು ವರ್ಷದ ಹಿಂದೆ ಮಾಡಿದ್ದ ಯೋಜನೆಯನ್ನು ಕಪಾಟಿನಿಂದ ತೆಗೆಸಿ, ಕೆಂಪು ಪೆನ್ನು ಹಿಡಿದು ಓದಿ. ‘ಕಚ್ಚಾ ವಸ್ತುವಿನ ಬೆಲೆ ಸ್ಥಿರವಾಗಿರುತ್ತದೆ’, ‘ಪ್ರತಿಸ್ಪರ್ಧಿಗಳು ಈ ವಿಭಾಗಕ್ಕೆ ಬರುವುದಿಲ್ಲ’ ಎಂಬಂಥ ಊಹೆಗಳಿಗೆಲ್ಲ ಗೆರೆ ಎಳೆಯಿರಿ. ಯಾವುದು ನಿಂತಿತು, ಯಾವುದು ಬಿತ್ತು? ಬಿದ್ದದ್ದು ಮೊದಲು ಗೊತ್ತಾದದ್ದು ಯಾರಿಗೆ, ಅವರು ಯಾರಿಗೆ ಹೇಳಿದರು? ಇದಾದ ಮೇಲೆ ನಿಮ್ಮನ್ನು ಬಿಟ್ಟು ಹೋದ ಒಬ್ಬ ಗ್ರಾಹಕರ ಹತ್ತಿರ ಹೋಗಿ ಕೂತು ಬನ್ನಿ. ಮಾರಲು ಹೋಗಬೇಡಿ, ಕೇಳಲು ಹೋಗಿ.

ಪ್ರಶ್ನೆ: ನಾನು ಎಚ್‌ಆರ್ ಮುಖ್ಯಸ್ಥ. ಬಡ್ತಿಗಾಗಿ ಹಿರಿಯ ಮ್ಯಾನೇಜರುಗಳಿಗೆ ‘ಕಾರ್ಯತಂತ್ರದ ಚಿಂತನೆ’ ಎಂಬ ಕಾಲಂನಲ್ಲಿ 1ರಿಂದ 5ರವರೆಗೆ ಅಂಕ ಕೊಡುತ್ತೇವೆ. ಪ್ರತಿ ವರ್ಷ ಹೆಚ್ಚು ಅಂಕ ಸಿಗುವುದು ಅದೇ ನಾಲ್ಕು ಜನಕ್ಕೆ. ಆದರೆ ಅವರು ನಿಜವಾಗಿ ಚೆನ್ನಾಗಿ ಯೋಚಿಸುತ್ತಾರೆಯೇ ಎಂಬ ಅನುಮಾನ ನನಗೆ.

ಉತ್ತರ: ಆ ನಾಲ್ಕು ಜನ ಚೆನ್ನಾಗಿ ಮಾತಾಡುವವರು ಎಂದು ನಾನು ಇಲ್ಲಿಂದಲೇ ಹೇಳಬಲ್ಲೆ. ಅಂಕ ಹೋಗುವುದು ಮಾತಿಗೆ, ನಿಲುವಿಗೆ, ಹೋದ ವರ್ಷ ಅವರ ವಿಭಾಗಕ್ಕೆ ಅದೃಷ್ಟ ಒಲಿದಿದ್ದರೆ ಅದಕ್ಕೂ.

ಒಂದು ನಿರ್ಧಾರದ ಪುಸ್ತಕ ಇಡಿಸಿ. ಏನೂ ವೈಭವ ಬೇಡ, ಹಂಚಿಕೊಂಡ ಒಂದು ಸ್ಪ್ರೆಡ್‌ಶೀಟ್ ಸಾಕು. ದೊಡ್ಡ ನಿರ್ಧಾರ ತೆಗೆದುಕೊಂಡ ದಿನವೇ ಬರೆಯಬೇಕು: ಏನು ತೀರ್ಮಾನಿಸಿದೆವು, ಯಾವ ಬೇರೆ ದಾರಿಯನ್ನು ಬಿಟ್ಟೆವು, ಯಾಕೆ, ಏನಾಗುತ್ತದೆ ಎಂದು ನಂಬಿದ್ದೇವೆ, ಏನು ಕಂಡರೆ ಮನಸ್ಸು ಬದಲಿಸುತ್ತೇವೆ, ಮತ್ತೆ ತೆರೆದು ನೋಡುವ ತಾರೀಕು ಯಾವುದು. ದಿನ ಕಳೆದರೆ ನೆನಪು ತನಗೆ ಬೇಕಾದ ಹಾಗೆ ಕಥೆ ಕಟ್ಟುತ್ತದೆ. ‘ನಾನು ಆಗಲೇ ಹೇಳಿದ್ದೆ’ ಎನ್ನುವವರ ಸಂಖ್ಯೆ ಫಲಿತಾಂಶ ಬಂದ ಮೇಲೆ ಏಕಾಏಕಿ ಹೆಚ್ಚುವುದನ್ನು ನೀವೂ ನೋಡಿರಬೇಕು.

ವರ್ಷದ ಕೊನೆಗೆ ಆ ಪುಸ್ತಕದಿಂದ ಕೆಲವು ಸಾಲು ಆರಿಸಿ ತಂಡವಾಗಿ ಓದಿ. ಗೆದ್ದ ನಿರ್ಧಾರವೆಲ್ಲ ಒಳ್ಳೆಯ ನಿರ್ಧಾರವಲ್ಲ, ಸೋತದ್ದೆಲ್ಲ ಕೆಟ್ಟದ್ದೂ ಅಲ್ಲ. ಲಾಭ ಬಂದಿದ್ದರೂ, ನೀವು ಬರೆದ ಕಾರಣಕ್ಕೆ ಬಂದಿಲ್ಲದಿದ್ದರೆ ಅದು ಅದೃಷ್ಟ. ನಾನು ಬಡ್ತಿ ಕೊಡುವುದಾದರೆ ನೋಡುವುದು ಎರಡು ಗುಣ. ‘ಏನು ಕಂಡರೆ ಮನಸ್ಸು ಬದಲಿಸುತ್ತೇವೆ’ ಎಂಬ ಕಾಲಂ ಅನ್ನು ಅಳೆಯಲು ಬರುವ ಹಾಗೆ ಬರೆದವರು ಯಾರು, ಅದು ಕಂಡಾಗ ನಿಜವಾಗಿ ಬದಲಿಸಿದವರು ಯಾರು. ಎರಡನೆಯ ಗುಣದವರು ಕಡಿಮೆ. ಸಿಕ್ಕರೆ ಬಿಡಬೇಡಿ. ಅಂದಹಾಗೆ, ಈ ಪುಸ್ತಕವನ್ನು ಶಿಕ್ಷೆಗೆ ಬಳಸಿದ ದಿನವೇ ಅದರಲ್ಲಿ ನಿಜ ಬರೆಯುವುದು ನಿಲ್ಲುತ್ತದೆ.

ಪ್ರಶ್ನೆ: ಎಲ್ಲವೂ ಇಷ್ಟು ಬೇಗ ಬದಲಾಗುತ್ತಿರುವಾಗ ಐದು ವರ್ಷದ ಯೋಜನೆಗೆ ಅರ್ಥವಿದೆಯೇ? ನಮ್ಮ ತಂಡದಲ್ಲಿ ಒಬ್ಬರು, ಕೃತಕ ಬುದ್ಧಿಮತ್ತೆಗೆ ಕೇಳಿದರೆ ಕಾರ್ಯತಂತ್ರವನ್ನು ಅದೇ ಬರೆದುಕೊಡುತ್ತದೆ, ನಾವು ಜಾರಿ ಮಾಡಿದರೆ ಆಯಿತು ಎನ್ನುತ್ತಾರೆ.

ಉತ್ತರ: ಬರೆದುಕೊಡುತ್ತದೆ, ಸಂಶಯವಿಲ್ಲ. ನಿಮ್ಮ ಪ್ರತಿಸ್ಪರ್ಧಿಗೂ ಹೆಚ್ಚುಕಡಿಮೆ ಅದನ್ನೇ ಬರೆದುಕೊಡುತ್ತದೆ. ಅದನ್ನು ಯೋಜನೆ ಬರೆಯಲು ಕೂರಿಸಬೇಡಿ, ಎದುರಾಳಿಯಾಗಿ ಕೂರಿಸಿ. ನಿಮ್ಮ ಯೋಜನೆ ಕೊಟ್ಟು, ನೀನು ನಮ್ಮ ಪ್ರತಿಸ್ಪರ್ಧಿ, ಇದನ್ನು ಹೇಗೆ ಹೊಡೆಯುತ್ತೀ ಎಂದು ಕೇಳಿ. ಅದಕ್ಕೆ ಸಿಇಒ ಮುಖ ನೋಡುವ ಅಭ್ಯಾಸವಿಲ್ಲ.

ಐದು ವರ್ಷದ ಮಾತಿಗೆ ಬಂದರೆ, ಒಂದೇ ಭವಿಷ್ಯಕ್ಕೆ ಒಂದೇ ಯೋಜನೆ ಎಂಬುದಕ್ಕೆ ನನ್ನ ತಕರಾರಿದೆ, ದೂರ ನೋಡುವುದಕ್ಕಲ್ಲ. ಶೆಲ್ ತೈಲ ಕಂಪನಿಯಲ್ಲಿ 1970ರ ದಶಕದ ಆರಂಭದಲ್ಲಿ ಪಿಯರ್ ವಾಕ್ ಮತ್ತು ಅವರ ಸಂಗಡಿಗರು ಹಲವು ಭವಿಷ್ಯಗಳನ್ನು ಬರೆದು ಮ್ಯಾನೇಜರುಗಳ ಮುಂದಿಟ್ಟರು. ತೈಲ ಉತ್ಪಾದಿಸುವ ದೇಶಗಳು ಪೂರೈಕೆಯನ್ನು ಬಿಗಿ ಹಿಡಿದು ಬೆಲೆ ಏರಿಸುವುದು ಅದರಲ್ಲೊಂದು. ದಶಕಗಳಿಂದ ಸ್ಥಿರ ಬೆಲೆಯನ್ನೇ ಕಂಡವರಿಗೆ ಅದು ನಂಬುವಂಥದ್ದಾಗಿರಲಿಲ್ಲ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ನಿರ್ಬಂಧ ಹೇರಿದವು, ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ವಾಕ್ ತಾರೀಕು ಹೇಳಿದ ಜ್ಯೋತಿಷಿಯಲ್ಲ. ಆದರೆ ಆ ದಿನ ಬಂದಾಗ ಶೆಲ್‌ನವರಿಗೆ ಅದು ಮೊದಲೇ ಒಮ್ಮೆ ಯೋಚಿಸಿದ ಸಂಗತಿಯಾಗಿತ್ತು.

ಮೊದಲೇ ಕಾಣುವುದರಿಂದಲೇ ಎಲ್ಲವೂ ಆಗುತ್ತದೆ ಎಂದೇನೂ ಅಲ್ಲ. ಡಿಜಿಟಲ್ ಕ್ಯಾಮೆರಾ ತಯಾರಾದದ್ದು ಕೊಡಾಕ್ ಕಂಪನಿಯೊಳಗೇ, 1975ರಲ್ಲಿ, ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ ಕೈಯಲ್ಲಿ. 2012ರ ಜನವರಿಯಲ್ಲಿ ಅದೇ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅವರಿಗೆ ಕಾಣಲಿಲ್ಲ ಎನ್ನುವುದು ತಪ್ಪು, ಚೆನ್ನಾಗಿಯೇ ಕಂಡಿತ್ತು. ಫಿಲ್ಮ್ ರೋಲಿನ ಲಾಭ ಅಷ್ಟು ಸಿಹಿಯಾಗಿತ್ತು. ಅದೇ ಫಿಲ್ಮ್ ಮಾರುತ್ತಿದ್ದ ಫ್ಯೂಜಿಫಿಲ್ಮ್ ತನ್ನ ರಸಾಯನ ಜ್ಞಾನವನ್ನು ಎಲ್‌ಸಿಡಿ ಪರದೆಯ ಫಿಲ್ಮ್‌ಗೆ, ವೈದ್ಯಕೀಯ ಉಪಕರಣಗಳಿಗೆ, ಚರ್ಮದ ಆರೈಕೆಯ ಕ್ರೀಮಿಗೂ ತಿರುಗಿಸಿ ಉಳಿಯಿತು. ಒಂದು ಕಂಪನಿ ತನ್ನನ್ನು ಫಿಲ್ಮ್ ಮಾರುವವನು ಎಂದುಕೊಂಡಿತು, ಇನ್ನೊಂದು ತನಗೆ ಏನೇನು ಮಾಡಲು ಬರುತ್ತದೆ ಎಂದು ಪಟ್ಟಿ ಮಾಡಿತು.

ಆದ್ದರಿಂದ ನಿಮ್ಮ ತಂಡಕ್ಕೆ ನಾನು ಹೇಳುವುದು ಇಷ್ಟು. ಮೂರು ಭವಿಷ್ಯ ಬರೆಯಿರಿ, ಅದಕ್ಕಿಂತ ಹೆಚ್ಚು ಬೇಡ. ಅವುಗಳಲ್ಲಿ ಒಂದಾದರೂ ನಿಮಗೆ ಹೊಟ್ಟೆ ಹಿಂಡುವಂತಿರಲಿ. ‘ಒಳ್ಳೆಯದು, ಕೆಟ್ಟದ್ದು, ಸಾಧಾರಣ’ ಎಂದು ಮಾತ್ರ ಹೆಸರಿಡಬೇಡಿ, ಎಲ್ಲರೂ ಕಣ್ಣು ಮುಚ್ಚಿ ಸಾಧಾರಣವನ್ನೇ ಆರಿಸುತ್ತಾರೆ. ಪ್ರತಿಯೊಂದಕ್ಕೂ ಅದು ಬರುತ್ತಿದೆ ಎಂದು ತಿಳಿಸುವ ಎರಡು ಸೂಚನೆ ಗುರುತಿಸಿ. ದೊಡ್ಡ ಗ್ರಾಹಕರೊಬ್ಬರು ಆರ್ಡರಿನ ಅವಧಿಯನ್ನು ಮೊಟಕು ಮಾಡುವುದು, ಹೊಸ ನಿಯಮದ ಕರಡು ಹೊರಬೀಳುವುದು, ಬಿಡಿಭಾಗವೊಂದರ ಬೆಲೆ ಇಂತಿಷ್ಟಕ್ಕಿಂತ ಕೆಳಗೆ ಇಳಿಯುವುದು, ಇಂಥವು. ಪ್ರತಿ ಸೂಚನೆಯ ಎದುರು ಅದನ್ನು ಕಾಯುವವರ ಹೆಸರು ಬರೆಯಿರಿ. ವಿಭಾಗದ ಹೆಸರಲ್ಲ, ಮನುಷ್ಯರ ಹೆಸರು. ಮೂರು ತಿಂಗಳಿಗೊಮ್ಮೆ ಅವರು ಬಂದು ಎರಡೇ ನಿಮಿಷ ಹೇಳಲಿ. ಸಿಇಒ ಆ ದಿನವೂ ಕೊನೆಗೇ ಮಾತಾಡಲಿ.